ಹಿಂದಿನ ಎಡ ಸೀಟು

"ಈಗ ಶಬ್ದ ಕೇಂತಲ್ದಾ?" ಗುಣಪಾಲ ಕಾರಿನ ಕಿಟಕಿಯಿಂದ ತಲೆ ಹೊರಹಾಕಿ ಕೇಳಿದ.

ಹಿಂದಿನ ಎಡ ಚಕ್ರದ ಹತ್ತಿರ ಕಿವಿಯಿಟ್ಟು, ಬಗ್ಗಿಕೊಂಡೇ ಕಾರಿನ ಜೊತೆ ನಡೆಯುತ್ತಿದ್ದ ಮೆಕ್ಯಾನಿಕ್ ಸೂರ ಸೊಂಟ ಹಿಡಿದುಕೊಂಡು ನೆಟ್ಟಗಾದ. "ಎಂತ ಕೇಂಬುದ್ ಮಾರಾಯ? ನಂಗ್ ಕೇಂಬುದ್ ನನ್ನ್ ಸೊಂಟದ್ ಶಬ್ದ ಮಾತ್ರ."

ಗುಣಪಾಲನಿಗೆ ಈಗಷ್ಟೇ ಕೇಳಿತ್ತು. ಯಾರೋ ಬೆರಳಿನ ಗೆಣ್ಣಿನಿಂದ ಬಾಗಿಲು ತಟ್ಟಿದ ಹಾಗೆ. ಟಕ್, ಸ್ವಲ್ಪ ಬಿಟ್ಟು ಟಕ್. ಎರಡು ತಿಂಗಳಿಂದ ಅದೇ.

ಎರಡು ತಿಂಗಳ ಹಿಂದೆ ಒಂದು ಮಧ್ಯಾಹ್ನ ಅವನು ಹಾಲಾಡಿಯ ಜಲಜಳನ್ನು ಅವಳ ಅತ್ತೆಯ ಜೊತೆ ಹೆರಿಗೆಗೆಂದು ಕುಂದಾಪುರದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ಕೋಟೇಶ್ವರ ಇನ್ನೇನು ಬಂತು ಎನ್ನುವಾಗ ಹಿಂದಿನಿಂದ ಯಾರೋ ಏನೋ ಕೇಳಿದಂತಾಗಿ ಒಂದು ಕ್ಷಣ ತಲೆ ತಿರುಗಿಸಿದ. ಅಷ್ಟರಲ್ಲಿ ಎಡ ಚಕ್ರ ಮೋರಿಯ ಅಂಚುಗಲ್ಲಿಗೆ ಬಡಿದು ಕಾರು ಎಗರಿ ಕೆಳಗೆ ಕುಕ್ಕಿತು. ಯಾರೂ ಕೂಗಲಿಲ್ಲ. ಆಸ್ಪತ್ರೆಯ ಜಗಲಿಯಲ್ಲಿ ಜಲಜಳ ಅತ್ತೆ ರಾಜೀವಿ ಅವನ ಮುಖ ನೋಡದೆ, "ಆ ಗುದ್ದಿಗೇ ಹೋಯ್ತ್ ನಮ್ಮ್ ಶಿಶು" ಎಂದಳು. ಗಂಡುಮಗು. ಅತ್ತಿರಲೇ ಇಲ್ಲ.

ಅಂದಿನಿಂದ ಗುಣಪಾಲ, ಜಲಜ ಕುಳಿತಿದ್ದ ಆ ಹಿಂದಿನ ಎಡ ಸೀಟಿನ ಮೇಲೆ ಚಾಪೆಯ ಸುರುಳಿಯೊಂದನ್ನು ಅಡ್ಡ ಇಟ್ಟಿದ್ದ. ಹಾಲಾಡಿಗೆ ಇದ್ದದ್ದು ಅವನದೊಂದೇ ಬಾಡಿಗೆ ಕಾರು. ಆದರೂ ಹೆರಿಗೆಯ ಮನೆಯವರು ಓಡಿ ಬಂದರೆ, ಗಾಡಿಯಲ್ಲಿ ಶಬ್ದ ಇದೆ, ಸರಿಯಾಗಲಿ ಎಂದುಬಿಡುತ್ತಿದ್ದ. ಹೋದ ವಾರ ಒಬ್ಬಳನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಹೋದರು. ಅವನು ಅಂಗಳದಲ್ಲಿ ನಿಂತು, ಗಾಡಿ ತಿರುವು ದಾಟುವ ತನಕ ನೋಡಿದ.

"ರಿಮ್ ಸೊಟ್ಟ ಆಯ್ತಿತ್, ತಟ್ಟಿ ಸರಿ ಮಾಡ್ದೆ. ಬೇರಿಂಗ್ ಕಂಡೆ, ನಟ್ಟ್ ಬಿಗಿ ಮಾಡ್ದೆ," ಸೂರ ಬೆರಳು ಮಡಚಿ, ಗುಣಪಾಲನ ಕಿವಿಯತ್ತ ತೋರಿಸಿದ. "ಇನ್ನ್ ಉಳ್ದದ್ದ್ ನಿನ್ನ್ ಕೆಮಿ. ಅದನ್ನ್ ಬಿಚ್ಚುಕೆ ನನ್ನ್ ಹತ್ರ ಸ್ಪ್ಯಾನರ್ ಇಲ್ಲ."

ಗುಣಪಾಲ ನಗಲಿಲ್ಲ. ಸೂರ ಅವನನ್ನು ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದ, "ಹಿಂದೆ ಜನ ಕೂತ್ರೆ ಜೋರಾತ್ತಾ?"

"ಆ ಬದಿಯಂಗೆ ಯಾರನ್ನೂ ಕೂರ್ಸುದಿಲ್ಲ."

"ಹಾಂಗಾರೆ ನಂಗ್ ಹ್ಯಾಂಗ್ ಕೇಂಬುದ್? ಭಾರ ಬಿದ್ರೆ ಮಾತ್ರ ಬಪ್ಪ ಶಬ್ದ ಇರತ್ತ್ ಮಾರಾಯ!" ಸೂರ ಚಾಪೆಯನ್ನು ಎಳೆದು ಹೊರಗೆ ಹಾಕಿ ಸುತ್ತ ಕಣ್ಣಾಡಿಸಿದ. ಕೋಟೇಶ್ವರದಲ್ಲಿ ಹಾಲಾಡಿ ರಸ್ತೆ ಕವಲೊಡೆಯುವ ಜಾಗದಲ್ಲಿ ಅವನ ತೆಂಗಿನ ಮಡಲಿನ ಗುಡಿಸಲು. ಎದುರಿನ ಮರದಡಿ ಬಸ್ಸು ಕಾಯುವವರು ನಿಲ್ಲುತ್ತಿದ್ದರು. ಈಗ ಅಲ್ಲಿ ಒಬ್ಬಳೇ ಹೆಂಗಸು, ಕೈಯಲ್ಲಿ ಔಷಧದ ಬಾಟಲಿ.

"ಹ್ವಾಯ್ ತಂಗಿ! ಬಸ್ಸ್ ಬಪ್ಪುಕೆ ಇನ್ನೂ ಹೊತ್ತಿತ್ತ್. ಒಂಚೂರ್ ಈ ಕಾರಂಗೆ ಕೂಕಂತ್ಯಾ? ನಂಗ್ ಹಿಂದೆ ಒಂದ್ ಭಾರ ಬೇಕ್."

"ನನ್ನಂಗೆ ಭಾರ ಎಂತ ಉಳ್ದಿತ್ತಣ್ಣ?" ಎನ್ನುತ್ತ ಅವಳು ಹತ್ತಿರ ಬಂದಳು. ಕಾರನ್ನು ನೋಡಿ ನಿಂತಳು.

ಜಲಜ. ಗುಣಪಾಲ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದುಕೊಂಡ. ಬೇಡ ಎನ್ನುವಷ್ಟರಲ್ಲಿ ಅವಳು ತಾನಾಗಿ ಬಾಗಿಲು ತೆಗೆದು, ಅದೇ ಎಡ ಸೀಟಿನಲ್ಲಿ ಕುಳಿತು, ಬಾಟಲಿಯನ್ನು ಮಡಿಲಲ್ಲಿ ಇಟ್ಟುಕೊಂಡಳು.

ಕಾರು ಮೆಲ್ಲಗೆ ಹೊರಟಿತು. ಹತ್ತು ಮಾರು ಹೋಗುವುದರೊಳಗೆ, ಟಕ್.

"ಬಂತ್!" ಸೂರ ಹಬ್ಬ ಬಂದಂತೆ ಕೂಗಿದ. "ಬಂತ್ ಮಾರಾಯ! ನಿಲ್ಸ್ಬೇಡ, ಹೋಪ, ಹೋಪ!"

ಗುಣಪಾಲ ಕನ್ನಡಿಯಲ್ಲಿ ನೋಡಿದ. ಜಲಜ ತಲೆ ಬಾಗಿಸಿ ಕೇಳಿಸಿಕೊಳ್ಳುತ್ತಿದ್ದಳು.

"ಇದೇ ಶಬ್ದ," ಅವಳೆಂದಳು. "ಅವತ್ತ್ ಹಾಲಾಡಿಯಿಂದ್ಲೇ ಇದ್ದಿತ್ತ್."

"ಹಾಲಾಡಿಯಿಂದ್ಲಾ? ಕಲ್ಲಿಗ್ ತಾಗಿದ್ಮೇಲಲ್ದಾ?"

"ಅಲ್ಲ ಗುಣಪಾಲಣ್ಣ. ಈ ಶಬ್ದ ಎಂತದ್ ಅಂದ್ ನಾನ್ ಕೇಂಡೆ. ನೀವ್ ತಿರ್ಗಿದ್ದ್ ಅದಕ್ಕೇ. ಕಲ್ಲ್ ತಾಗಿದ್ದ್ ಆಮೇಲೆ."

ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಕಾರು ನಿಂತಿತು. ಅಂದು ಹಿಂದಿನಿಂದ ಕೇಳಿಬಂದು, ಅವನು ಎರಡು ತಿಂಗಳಿಂದ ನೆನಪಿಗೆ ತಂದುಕೊಳ್ಳಲು ಹೆಣಗುತ್ತಿದ್ದ ದನಿ ಅದು. ಸೂರ ಆಗಲೇ ಜಾಕು ತರಲು ಗುಡಿಸಲಿನತ್ತ ಓಡಿದ್ದ.

"ಹಿಂದಿನ್ ದಿನ ಸಂಜಿಯಿಂದ್ಲೇ ಶಿಶು ಮಿಸ್ಕಾಡ್ಲಿಲ್ಲ," ಜಲಜ ಬಾಟಲಿಯ ಬಿರಡೆಯನ್ನು ತಿರುಗಿಸುತ್ತ ಹೇಳಿದಳು. "ಅತ್ತೆ ಹತ್ರ ಹೇಳುಕೆ ಹೆದ್ರಿಕಿ ಆಯ್ತ್. ಕಾರಂಗೆ ಈ ಟಕ್ ಟಕ್ ಕೇಂಡಾಗ, ಒಳ್ಗಿಂದ್ಲೇ ಬಪ್ಪುದಾ ಅಂದ್ ಹೊಟ್ಟಿ ಮೇಲ್ ಕೈ ಇಟ್ಕಂಡೇ ಇದ್ದೆ. ದಾರಿ ಉದ್ದಕ್ಕೂ. ಕಡಿಗೆ ತಡುಕಾಯ್ದೆ ನಿಮ್ಮತ್ರ ಕೇಂಡೆ."

"ಅತ್ತೆಗೆ ಈಗ್ಲಾರೂ ಹೇಳಿದ್ಯಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. "ಅವ್ರ್ ನಿಮ್ಗೆ ಬೈವತಿಗೆ ನಾನ್ ಗ್ವಾಡಿ ಬದಿಗ್ ತಿರ್ಗಿ ಮನಿಕಂಡಿದ್ದೆ. ಕೇಂತಿದ್ದಿತ್ತ್. ಸುಮ್ಮನಿದ್ದೆ."

ಗುಣಪಾಲನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಸೂರ ಇಬ್ಬರನ್ನೂ ಇಳಿಸಿ, ಜಾಕು ಕೊಟ್ಟು, ಗೋಣಿ ಹಾಸಿಕೊಂಡು ಕಾರಿನಡಿಗೆ ನುಸುಳಿದ. ಬಹಳ ಹೊತ್ತು ಅವನ ಕಾಲುಗಳು ಮಾತ್ರ ಕಾಣುತ್ತಿದ್ದವು. ಹಾಲಾಡಿಯ ಬಸ್ಸು ಬಂತು, ನಿಂತಿತು, ಹೋಯಿತು. ಜಲಜ ಅತ್ತ ನೋಡಲಿಲ್ಲ. ಕೊನೆಗೆ ಸೂರ ಮೈಯೆಲ್ಲ ಮಸಿಯಾಗಿ ಹೊರಬಂದ. ಅಂಗೈಯಲ್ಲಿ ಒಂದು ಕಬ್ಬಿಣದ ತುಂಡು, ಕಾರಿನ ಭಾರ ಹೊರುವ ಕಮಾನು ಪಟ್ಟಿಯದು.

"ಕ್ಲಾಂಪಿನ ಅಡಿಗೆ ಅಡ್ಗಿ ಕೂತಿದ್ದಿತ್ತ್ ಕಳ್ಳ. ಕಾಣ್ ಇಲ್ಲಿ, ಮುರ್ದಲ್ಲಿ. ಅರ್ಧ ಕಪ್ಪ್, ತುಕ್ಕ್ ಹಿಡ್ದಿತ್ತ್. ಅದ್ ಹಳಿ ಬಿರುಕ್. ಇನ್ನರ್ಧ ಉಜ್ಜಿ ಉಜ್ಜಿ ಹೊಳಿತಿತ್ತ್. ಅದ್ ಆಮೇಲೆ ಹೋದ್ದ್."

"ಕಲ್ಲಿಗ್ ತಾಗಿದ್ಮೇಲಾ?"

"ಕಲ್ಲೇ ಆಯ್ಕ್. ಹಳಿ ಬಿರುಕ್ ಇದ್ದದ್ದಕ್ಕೆ ಹೋಯ್ತಾ, ಬಿರುಕ್ ಇಲ್ದಿದ್ರೂ ಹೋತಿತ್ತಾ, ಅದ್ ನನ್ನತ್ರ ಕೇಣ್ಬೇಡ."

ಜಲಜ ಕೈ ಚಾಚಿದಳು. ಸೂರ ಏನೂ ಅರ್ಥವಾಗದೆ ತುಂಡನ್ನು ಅವಳಿಗೆ ಕೊಟ್ಟ. ಅವಳು ಹೆಬ್ಬೆರಳನ್ನು ಕಪ್ಪು ಬದಿಯ ಮೇಲೆ ಎಳೆದಳು. ಆಮೇಲೆ ಹೊಳೆಯುವ ಬದಿಯ ಮೇಲೆ. ಬೆರಳು ಅಲ್ಲೇ ನಿಂತಿತು. ಗುಣಪಾಲ ಅವಳ ಬೆರಳನ್ನೇ ನೋಡುತ್ತಿದ್ದ.

ಸೂರ ಹಳೆಯ ಸಾಮಾನಿನ ರಾಶಿಯಿಂದ ಒಂದು ಪಟ್ಟಿ ಹುಡುಕಿ ಕೂರಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು.

"ಬಸ್ಸ್ ಹೋಯ್ತಲೆ. ಬಾ, ಮನಿಗ್ ಬಿಡ್ತೆ," ಗುಣಪಾಲ ಹೇಳಿದ.

ಅವಳು ಮತ್ತೆ ಎಡ ಬದಿಗೇ ಕುಳಿತಳು. ಸ್ವಲ್ಪ ದೂರ ಹೋದ ಮೇಲೆ, "ನಮ್ಮ್ ನೆರೆಮನಿ ಪುಷ್ಪಂಗೆ ದಿನ ಹತ್ರ ಬಂತ್," ಎಂದಳು. "ನೀವ್ ಹೆರ್ಗಿಗೆ ಬತ್ತಿಲ್ಲ ಅಂಬ್ರ್."

"ಕರೂಕೆ ಹೇಳ್. ಬತ್ತೆ."

ಮೋರಿ ಬಂತು. ಅಂಚುಗಲ್ಲಿನ ಮೇಲೆ ಅವನ ಕಾರಿನ ಬಣ್ಣದ ಗೆರೆ ಇನ್ನೂ ಮಾಸಿರಲಿಲ್ಲ. ಅವನು ನಿಧಾನವಾಗಿ ದಾಟಿಸಿದ. ಹೊಂಡಕ್ಕೆ ಇಳಿಯಿತು, ಹತ್ತಿತು. ಯಾವ ಶಬ್ದವೂ ಇಲ್ಲ. ಎಂಜಿನ್ನಿನ ಗುಂಯ್ ಮಾತ್ರ.

ಗದ್ದೆಯ ಬಯಲು ತೆರೆದುಕೊಂಡಿತು. ಆಗ ಹಿಂದಿನಿಂದ, ಟಕ್. ಸ್ವಲ್ಪ ಬಿಟ್ಟು, ಟಕ್.

ಅವನ ಕಾಲು ಬ್ರೇಕಿಗೆ ಹೋಯಿತು. ಕನ್ನಡಿಯಲ್ಲಿ ನೋಡಿದ. ಜಲಜ ಕಿಟಕಿಯಾಚೆ ಗದ್ದೆಯತ್ತ ಮುಖ ಮಾಡಿದ್ದಳು. ಒಂದು ಕೈ ಹೊಟ್ಟೆಯ ಮೇಲಿತ್ತು. ಇನ್ನೊಂದು ಕೈಯ ಗೆಣ್ಣು ಬಾಗಿಲ ಮೇಲೆ ಮೆಲ್ಲಗೆ ತಟ್ಟುತ್ತಿತ್ತು.

ಗುಣಪಾಲ ಬ್ರೇಕಿನಿಂದ ಕಾಲು ತೆಗೆದ.