ಐದು ಮಿನಿಟು ಬಿಟ್ಟು ಮಾಡ್ರಿ

ನಮ್ಮ ಅಬ್ಬಾ ಅಬ್ದುಲಗನಿಯವರಿಗೆ ಗಜೇಂದ್ರಗಡದಲ್ಲಿ ಸೀರೆ ವ್ಯಾಪಾರ. ನೇಕಾರರಿಂದ ಸೀರೆ ಕೊಂಡು ರೋಣ, ನರಗುಂದದ ಅಂಗಡಿಗಳಿಗೆ ಹಾಕುವುದು ಅವರ ಕಸುಬು, ಓಣಿಗೆಲ್ಲ ದೊಡ್ಡವರೆನಿಸಿಕೊಳ್ಳುವುದು ಅವರ ಚಟ. ಕಸುಬಿನಲ್ಲಿ ಏರುಪೇರಾದರೆ ಹೇಗೋ ತಡೆದುಕೊಳ್ಳುತ್ತಿದ್ದರು. ದೊಡ್ಡಸ್ತಿಕೆಯಲ್ಲಿ ಕೂದಲೆಳೆಯಷ್ಟು ಕಡಿಮೆಯಾದರೂ ಅವರಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆ ದೊಡ್ಡಸ್ತಿಕೆಗೆ ಆಧಾರ ನಮ್ಮ ಮನೆಯ ಫೋನು. ಇಡೀ ಓಣಿಗೆ ಅದೊಂದೇ. ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋದವರೆಲ್ಲ ನಮ್ಮ ನಂಬರನ್ನೇ ತಮ್ಮ ನಂಬರೆಂದು ಕೊಡುತ್ತಿದ್ದರು, ಮುಂದೆ ‘ಪಿ.ಪಿ.’ ಎಂದು ಎರಡಕ್ಷರ ಸೇರಿಸಿ. ಪಿ.ಪಿ. ಫೋನಿಗೊಂದು ಶಾಸ್ತ್ರವಿತ್ತು. ಅತ್ತಲಿನವರು ಯಾರು ಬೇಕೆಂದು ಹೇಳಬೇಕು. ಅಬ್ಬಾ ಗಂಟಲು ಸರಿಮಾಡಿಕೊಂಡು, “ಐದ ಮಿನಿಟ ಬಿಟ್ಟ ಮಾಡ್ರಿ, ಕರಸ್ತೀನಿ” ಎಂದು ಇಡಬೇಕು. ನಾನು, ಅಂದರೆ ಮಗಳು ಹುಸ್ನಾ, ಓಡಿಹೋಗಿ ಆ ಮನೆಯವರನ್ನು ಕರೆತರಬೇಕು. ಅವರು ಬಂದು ಕೂತ ಮೇಲೆ ಫೋನು ಮತ್ತೊಮ್ಮೆ ಹೊಡೆದುಕೊಳ್ಳಬೇಕು.

ಎರಡು ಸಾವಿರದ ನಾಲ್ಕರಲ್ಲಿ ಎದುರಿನ ಕಿರಾಣಿ ಅಂಗಡಿಯ ದಾದಾಪೀರನೂ ಒಂದು ಫೋನು ಹಾಕಿಸಿದ. ಅಬ್ಬಾ ಅವನೊಂದಿಗೆ ಮಾತು ಬಿಟ್ಟರು. ಅಷ್ಟಕ್ಕೇ ಸಮಾಧಾನವಾಗದೆ ಹುಬ್ಬಳ್ಳಿಗೆ ಹೋಗಿ ಒಂದು ಕಾರ್ಡ್‌ಲೆಸ್ ಫೋನು ತಂದರು, ಅದರ ಬೆನ್ನಿಗೇ ಒಂದು ಮೊಬೈಲು. ಕಾರ್ಡ್‌ಲೆಸ್ಸಿನ ಕಡ್ಡಿ ಎಳೆದು ಕಿವಿಗೆ ಹಿಡಿದು ಓಣಿಯಲ್ಲಿ ಗಿರಣಿಯವರೆಗೆ ನಡೆದರು. ಅಲ್ಲಿಂದಾಚೆ ಅದು ಗರ್ ಎನ್ನುತ್ತಿತ್ತು, ಇವರು ಮಾತ್ರ ತಲೆಯಾಡಿಸುತ್ತ ಮುಂದೆ ನಡೆಯುತ್ತಿದ್ದರು. ಯಾರ ಜೊತೆ ಮಾತಾಡುತ್ತಿದ್ದರೋ ಆ ಅಲ್ಲಾಹನಿಗೇ ಗೊತ್ತು.

ಮನೆಯ ಫೋನಿನಲ್ಲಿ ಇಂತಿಂಥ ಅಂಕಿ ಒತ್ತಿದರೆ ಅದಕ್ಕೆ ಬರುವ ಫೋನು ಮೊಬೈಲಿಗೆ ಹೋಗುತ್ತದೆಂದು ಹುಬ್ಬಳ್ಳಿಯ ಅಂಗಡಿಯವನು ಹೇಳಿಕೊಟ್ಟಿದ್ದ. ಮನೆಯದು ಆಗ ಹೊಡೆದುಕೊಳ್ಳುತ್ತದೋ ಇಲ್ಲವೋ ಎಂದು ಇವರು ಕೇಳಲಿಲ್ಲ. ತಿಳಿಯದ್ದನ್ನು ಕೇಳುವುದು ನಮ್ಮ ಅಬ್ಬಾನ ಜಾಯಮಾನದಲ್ಲೇ ಇಲ್ಲ. “ಇಲ್ಲೂ ಹೊಡಿತೈತಿ, ಅಲ್ಲೂ ಹೊಡಿತೈತಿ. ಎರಡೂ ಕೂಡಿ ದುಡಿತಾವು” ಎಂದು ಊರಿಗೆಲ್ಲ ಸಾರಿದರು. ತಂತಿ ಕಳಚಿದ ಮಾತ್ರಕ್ಕೆ ಮನೆಯ ಫೋನು ಮೊಬೈಲಿನ ತಮ್ಮನಾಗುವುದಿಲ್ಲ ಎಂದು ಅವರಿಗೆ ಹೇಳುವವರು ಯಾರು?

ಓಣಿಯ ಕೊನೆಯ ಮನೆ ಗುಡ್ಡವ್ವಳದು. ಅವಳೂ ಗಂಡ ಹೊಳಿಯಪ್ಪನೂ ಪುರ್ತಗೇರಿಯ ಹೊಲಗಳಿಗೆ ಕೂಲಿಗೆ ಹೋಗುವವರು. ಮಗಳು ಕವಿತಾ ಗಂಡ ದುರ್ಗೇಶನ ಜೊತೆ ಗೋವಾದಲ್ಲಿ ಕಟ್ಟಡದ ಕೆಲಸಕ್ಕಿದ್ದಳು, ಚೊಚ್ಚಲ ಬಸುರಿ, ಒಂಬತ್ತನೇ ತಿಂಗಳು ಬಿದ್ದಿತ್ತು. ಹಿಂದಿನ ವಾರ ದುರ್ಗೇಶ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದಾಗ ಗುಡ್ಡವ್ವ ಕಳೆ ತೆಗೆಯಲು ಹೋಗಿದ್ದಳು. ಹೇಳಿದ್ದನ್ನು ಕೇಳಿಸಿಕೊಂಡವಳು ನಾನು.

“ಗುರುವಾರ ಮೂರಕ್ಕ ಮಾಡ್ತೀನಿ, ಅತ್ತೀನ್ನ ಕುಂದರಸವಾ. ನಮ್ಮ ಕಡೆ ಮಂದಿ ಒಂದು ಗಾಡಿ ಮಾಡ್ಯಾರ, ನಾಕೂವರಿಗೆ ಬಿಡತೈತಿ. ತವರಿನಿಂದ ಬಾ ಅಂದ್ರ ಕವಿತಾನ್ನ ಅದರಾಗ ಕಳಸ್ತೀನಿ. ಕರೀದಽ ಕಳಿಸಿದ್ರ ನಮ್ಮವ್ವ ನನ್ನ ಜೀವಾ ತಿಂತಾಳ.”

ಮೊದಲ ಹೆರಿಗೆ ತವರಲ್ಲೇ ಆಗಬೇಕು. ಆದರೆ ತವರು ಕರೆಯದೆ ಹೆಣ್ಣು ಹೊಸ್ತಿಲು ತುಳಿಯುವಂತಿಲ್ಲ. ಗುರುವಾರ ಗುಡ್ಡವ್ವ ಕೂಲಿ ಬಿಟ್ಟು, ತಲೆಗೆ ಎರೆದುಕೊಂಡು, ಮಡಚಿಟ್ಟ ಸೀರೆ ಉಟ್ಟು, ಎರಡಕ್ಕೇ ಬಂದು ಕಾರ್ಡ್‌ಲೆಸ್ಸಿನ ಮುಂದೆ ಕೂತಳು. “ಒಳಗಿನ ಖೋಲಿಗೆ ಸುಣ್ಣಾ ಹಚ್ಚೀನ್ರಿ” ಎಂದು ನಮ್ಮ ಅಮ್ಮಿ ಮೈಮುನಬಿಗೆ ನಾಲ್ಕು ಸಲ ಹೇಳಿದಳು.

ಅಬ್ಬಾ ಬೆಳಿಗ್ಗೆಯೇ ಸೀರೆಯ ಗಂಟಿನೊಂದಿಗೆ ರೋಣಕ್ಕೆ ಹೋಗಿದ್ದರು. ಹೋಗುವ ಮೊದಲು, ಅಂದೇ ಮೊದಲ ಸಲ, ಫೋನನ್ನು ಮೊಬೈಲಿಗೆ ತಿರುಗಿಸುವ ಆ ಅಂಕಿಗಳನ್ನು ನನ್ನಿಂದ ಒತ್ತಿಸಿದ್ದರು.

ಮೂರು ಹೊಡೆಯಿತು. ಮೂರೂವರೆಯಾಯಿತು. ಕಾರ್ಡ್‌ಲೆಸ್ಸಿನ ಕೆಂಪು ದೀಪ ಉರಿಯುತ್ತಲೇ ಇತ್ತು.

“ಹುಸ್ನಾ, ಇದಕ್ಕ ಜೀವ ಐತಿಲ್ಲವಾ?”

ತೆಗೆದು ಅವಳ ಕಿವಿಗೆ ಹಿಡಿದೆ. “ಗುಂಯ್ ಅಂತೈತಿ,” ಎಂದು ನಿಟ್ಟುಸಿರುಬಿಟ್ಟಳು. ಮೊದಲು ಅಳಿಯನನ್ನು ಬೈದಳು. ಆಮೇಲೆ ಬೈಯುವುದನ್ನು ಬಿಟ್ಟು, ಹುಡುಗಿಗೆ ಏನಾದರೂ ಆಯಿತೇನೋ ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾಲ್ಕೂವರೆ ದಾಟಿದರೂ ಏಳಲಿಲ್ಲ. ಅಮ್ಮಿ ಕೊಟ್ಟ ಚಹಾ ಹಾಗೇ ಆರಿತು.

ಆರಕ್ಕೆ ಅಬ್ಬಾ ಬಂದರು. ಚಪ್ಪಲಿ ಬಿಡುವ ಮೊದಲೇ ನನ್ನ ಮೇಲೆ ಹರಿಹಾಯ್ದರು.

“ಮೂರರಿಂದ ಯಾರ ಕೂಡ ಹರಟಿ ಹೊಡಿಯಾಕತ್ತಿದ್ದಿ? ಎಂಟ ಸಲ ಮನಿಗೆ ಹಚ್ಚೀನಿ, ಎಂಟೂ ಸಲ ಬಿಜಿ!”

“ನಾ ಮುಟ್ಟೇ ಇಲ್ಲ ಅಬ್ಬಾ. ಗುಡ್ಡವ್ವ ಇಲ್ಲೇ ಕುಂತಾಳ, ಕೇಳ್ರಿ.”

“ನೀವ್ಯಾಕ ಹಚ್ಚಿದ್ರಿ?” ಎಂದು ಅಮ್ಮಿ ಕೇಳಿದಳು.

ಆಗ ಹೊರಬಿತ್ತು. ಮೂರಕ್ಕೆ ಸರಿಯಾಗಿ ದುರ್ಗೇಶ ಮಾಡಿದ್ದ. ಅದು ರೋಣದಲ್ಲಿ, ಸೀರೆ ಅಂಗಡಿಯ ಗಾದಿಯ ಮೇಲೆ, ಅಬ್ಬಾನ ಜೇಬಿನಲ್ಲಿ ಹೊಡೆದುಕೊಂಡಿತು. ಅಂಗಡಿಯ ನಾಲ್ಕು ಮಂದಿಗೆ ಕೇಳುವಂತೆ ಅಬ್ಬಾ, “ಐದ ಮಿನಿಟ ಬಿಟ್ಟ ಮಾಡಪಾ, ಕರಸ್ತೀನಿ” ಅಂದರು. ಗುಡ್ಡವ್ವಳನ್ನು ಕರೆಸಲು ಅದೇ ಮೊಬೈಲಿನಿಂದ ಮನೆಗೆ ಹಚ್ಚಿದರೆ ಬಿಜಿ. ದುರ್ಗೇಶ ಮತ್ತೆ ಮಾಡಿದ. ಮತ್ತೆ ಐದು ಮಿನಿಟು. ಹೀಗೆ ನಾಲ್ಕು ಸಲ.

ಅಮ್ಮಿ ಸಾಲಿ ಕಲಿತದ್ದು ನಾಲ್ಕನೇ ಇಯತ್ತೆ. ಆದರೂ ಅವಳಿಗೆ ಕೂಡಲೇ ಹೊಳೆಯಿತು. “ಮನಿಗೆ ಬಂದ ಫೋನು ನಿಮ್ಮ ಕಿಸೇಕ ಹೋಗತೈತಿ. ಅದಽ ಕಿಸೇದಾಗಿಂದ ಮನಿಗೆ ಹಚ್ಚಿದ್ರ ಎಲ್ಲಿಗೆ ಹೋಗಬೇಕ್ರಿ ಅದು? ನಿಮಗ ನೀವಽ ಫೋನ್ ಹಚ್ಚಿ, ಬಿಜಿ ಐತಿ ಅಂತ ಮಗಳ ಮ್ಯಾಲ ಸಿಟ್ಟಾಗೀರಿ.”

ಬೇರೆ ದಿನವಾಗಿದ್ದರೆ ನಾನು ಬಿದ್ದುಬಿದ್ದು ನಗುತ್ತಿದ್ದೆ. ಆ ಅಂಕಿ ಒತ್ತಿದ ಬೆರಳು ನನ್ನದೇ ಆದ್ದರಿಂದ ಗುಡ್ಡವ್ವಳ ಮುಖ ನೋಡಲೂ ನಾಚಿಕೆಯಾಯಿತು.

“ದಾದಾಪೀರನ ಅಂಗಡಿಗೆ ಮಾಡಿದ್ರ ಅವ ಬಂದು ಹೇಳತಿದ್ದಲ್ಲ ಅಬ್ಬಾ?”

“ಅವಗ? ನಾನು?” ಎಂದರು ಅಬ್ಬಾ. ದಾದಾಪೀರನ ನಂಬರು ಅವರ ಹತ್ತಿರವಿತ್ತು.

ಗುಡ್ಡವ್ವ ಎದ್ದು ನಿಂತಳು. “ಸಾಹೇಬ್ರ, ಅಳಿಯಾ ಮತ್ತೇನರ ಕೇಳಿದ್ನೇನ್ರಿ?”

“ಕಡೀ ಸಲ ಕೇಳಿದ. ಗಾಡಿ ಬಿಡಾಕತ್ತೈತಿ, ಅತ್ತಿ ಸಿಗಲಿಲ್ಲಂದ್ರ ನೀವಽ ಹೇಳ್ರಿ, ಕಳಸಲೋ ಬ್ಯಾಡೋ ಅಂದ.”

“ನೀವೇನಂದ್ರಿ?”

“ಮಂದಿ ಮನಿ ಮಾತು, ನಾ ಹ್ಯಾಂಗ ಹೇಳಲಿ? ಖುದ್ದ ಮಾತಾಡಸ್ತೀನಿ, ಐದ ಮಿನಿಟ ತಡೀಪಾ ಅಂದೆ.”

ಗುಡ್ಡವ್ವ ಕೂಗಾಡಲಿಲ್ಲ. “ಐದ ಮಿನಿಟ ಅಂತ ನಾಕ ಸಲ ಅಂದೀರಿ. ಬಾ ಅಂತ ಒಂದ ಸಲ ಅಂದಿದ್ರ ಸಾಕಿತ್ತಲ್ರಿ,” ಎಂದು ಸೆರಗು ಹೊದ್ದು ಹೊರಟುಹೋದಳು.

ತವರಿನ ಕರೆ ಸಿಗದೆ ಗಾಡಿ ಕವಿತಾಳನ್ನು ಬಿಟ್ಟೇ ಬಂದಿತ್ತು. ಮರುದಿನ ಬೆಳಗಿನ ಬಸ್ಸಿಗೆ ಗುಡ್ಡವ್ವ ಒಬ್ಬಳೇ ಗೋವಾಕ್ಕೆ ಹೋದಳು. ಪಕ್ಕದ ರಾಜೂರ ದಾಟಿ ದೂರದ ಊರು ಕಂಡವಳಲ್ಲ. ಸುಣ್ಣ ಹಚ್ಚಿದ ಖೋಲಿ ಇಲ್ಲಿ ಖಾಲಿ ಉಳಿಯಿತು, ಕವಿತಾಳ ಬಾಣಂತನ ಅಲ್ಲಿ ತಗಡಿನ ಶೆಡ್ಡಿನಲ್ಲಿ ನಡೆಯಿತು.

ಇಪ್ಪತ್ತು ದಿನಗಳ ಮೇಲೆ ದಾದಾಪೀರ ತಾಟಿನಲ್ಲಿ ಸಕ್ಕರೆ ಹಿಡಿದು ನಮ್ಮ ಮನೆಯ ಮೆಟ್ಟಿಲು ಹತ್ತಿದ. ಕವಿತಾಳಿಗೆ ಹೆಣ್ಣು ಕೂಸು, ಇಬ್ಬರೂ ಆರಾಮ ಇದ್ದಾರೆ ಎಂದ. ಅಬ್ಬಾ ವರ್ಷದ ಮೇಲೆ ಅವನೊಂದಿಗೆ ಬಾಯಿ ಬಿಟ್ಟರು.

“ನಮ್ಮ ನಂಬರ್ ಇದ್ದಾಗ ನಿನಗ್ಯಾಕ ಮಾಡಿದ್ರು?”

ದಾದಾಪೀರ ಹೇಳಲೋ ಬೇಡವೋ ಎಂದು ನೋಡಿ, ಹೇಳಿಯೇಬಿಟ್ಟ. “ಗುಡ್ಡವ್ವ ನಿಮಗಽ ಮಾಡೂನು ಅಂದಳಂತ್ರಿ ಕಾಕಾ. ದುರ್ಗೇಶ ಬ್ಯಾಡ ಅಂದನಂತ. ಅಲ್ಲಿ ಮಾಡಿದ್ರ ಕೂಸು ನಡಿಯಾಕ ಕಲಿತ ಮ್ಯಾಲ ಓಣಿಗೆ ಸುದ್ದಿ ಮುಟ್ಟತೈತಿ ಅಂದನಂತ.”

ಅಬ್ಬಾ ಸಕ್ಕರೆಯನ್ನು ಅಂಗೈಯಲ್ಲೇ ಹಿಡಿದುಕೊಂಡು ನಿಂತರು. ಆ ವಾರ ಓಣಿಯ ಮೂರು ಮನೆಯವರು ದಾದಾಪೀರನ ನಂಬರು ಬರೆಸಿಕೊಂಡು ಹೋದರು.