ಒಳಗೆ ಸೊನ್ನೆ

ಮರಾಠಿ ಸೀಮೆಯ ಕುರಕುಂಭದ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ನಾನು ಗೇಟಿನ ಸೂಪರ್‌ವೈಸರ್ ಆಗಿದ್ದೆ. 2003ರಲ್ಲಿ ಅಲ್ಲಿ ಕಾರ್ಡಿನ ಗೇಟು ಬಂತು. ಕಾರ್ಡ್ ತೋರಿಸದೆ ಯಾರೂ ಒಳಗೆ ಹೋಗುವಂತಿಲ್ಲ, ಹೊರಗೂ ಬರುವಂತಿಲ್ಲ. ಒಳಗೆ ಎಷ್ಟು ಜನ ಇದ್ದಾರೆಂದು ಕಂಪ್ಯೂಟರ್ ಹೇಳುತ್ತದೆ, ಅನಾಹುತವಾದಾಗ ಅದರ ಮಾತೇ ಕೊನೆ. ಅದನ್ನು ನಾನೇ ಕಂಡುಹಿಡಿದವನ ಹಾಗೆ ಮೆರೆದಿದ್ದೆ.

ಆ ವರ್ಷದ ಖಂಡೇನವಮಿ ದಿನ ಯಾದಗಿರಿ ಕಡೆಯ ಕೂಲಿ ಕಾಶಪ್ಪ ಬರಿಗೈಯಲ್ಲಿ ಬಂದು ನಿಂತ.

“ಕಾರ್ಡ್ ಎಲ್ಲೈತೋ?”

“ನಮ್ಮಾಕಿ ಪೂಜಾಕ್ಕ ಇಟ್ಟಾಳ್ರಿ ಸಾಹೇಬ್ರ. ಸಲಿಕಿ, ಪುಟ್ಟಿ ಜೋಡಿ ಕಾರ್ಡಿಗೂ ಕುಂಕುಮ ಹಚ್ಯಾಳ. ಅನ್ನ ಕೊಡೋದು ಅದ ಅಲ್ಲೇನ್ರಿ? ನಾಳಿ ತನಕ ಎತ್ತಂಗಿಲ್ರಿ.”

ವಾಪಸ್ ಕಳಿಸಬೇಕಿತ್ತು. ಆದರೆ ನಾನೂ ಸಿಂದಗಿಯವನು. ಧನಕವಡಿಯ ನಮ್ಮ ಮನೆಯಲ್ಲಿ ಸ್ಕೂಟರಿಗೆ ಹೂ ಏರಿಸಿ, ಅದನ್ನು ಮುಟ್ಟದೆ ಕಂಪನಿ ಬಸ್ಸಿನವರೆಗೆ ನಡೆದು ಬಂದಿದ್ದೆ. ಅಂದು ಹಿಂಬದಿಯ ತೊಟ್ಟಿ ತೊಳೆಯುವ ಕೆಲಸ ಕಾಶಪ್ಪನೊಬ್ಬನಿಗೇ ಇತ್ತು. ಪಕ್ಕದ ಬಾಗಿಲು ತೆಗೆದು ಬಿಟ್ಟುಬಿಟ್ಟೆ. ದೊಡ್ಡಸ್ತಿಕೆ ತೋರಿಸುವ ಚಟ ನನಗೆ ಮೊದಲಿನಿಂದಲೂ ಇದೆ.

ಮಧ್ಯಾಹ್ನ ಮೂರಕ್ಕೆ ಗ್ಯಾಸ್ ಸೋರಿ ಸೈರನ್ ಕೂಗಿತು. ಜನ ಕಾರ್ಡ್ ತೋರಿಸುತ್ತ ಓಡಿಬಂದು ಬೇವಿನ ಮರದ ಕೆಳಗೆ ಸೇರಿದರು. ಒಂದೊಂದೇ ಮುಖ ನೋಡುತ್ತ ಎರಡು ಸುತ್ತು ಹಾಕಿದೆ. ಕಾಶಪ್ಪ ಇರಲಿಲ್ಲ.

ಸುರಕ್ಷತೆಯ ಅಧಿಕಾರಿ ಅವಧೂತ ಕಂಪ್ಯೂಟರ್ ನೋಡಿದ. ಒಳಗಿರುವವರು ಸೊನ್ನೆ.

“ಸಗಳೇ ಬಾಹೇರ್,” ಎಲ್ಲರೂ ಹೊರಗಿದ್ದಾರೆ ಎಂದು, ಮುಖವಾಡ ತೊಟ್ಟು ಸಿದ್ಧವಾಗಿದ್ದ ಇಬ್ಬರಿಗೆ ಒಳಗೆ ಹೋಗುವುದು ಬೇಡವೆಂದು ಕೈಮಾಡಿದ.

ಹೇಳಿದರೆ ನೌಕರಿ ಹೋಗುತ್ತದೆ. ಮಗಳು ಶೈಲಶ್ರೀಯ ಕಾಲೇಜು ಇನ್ನೂ ಎರಡು ವರ್ಷ ಇದೆ. ಕಾಶಪ್ಪ ಹಿಂದಿನ ಗೇಟಿನಿಂದ ಚಹಾಕ್ಕೆ ಹೋಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆ ಕಾರ್ಖಾನೆಗೆ ಹಿಂದಿನ ಗೇಟೇ ಇರಲಿಲ್ಲ.

ಅವಧೂತ ಗಡಿಯಾರ ನೋಡಿ ವರದಿ ಬರೆಯತೊಡಗಿದ. ನನ್ನ ಮೇಲೆ ನನಗೇ ಹೇಸಿಗೆ ಬಂತು. ತೊಟ್ಟಿಯ ಹತ್ತಿರ ಒಬ್ಬನಿದ್ದಾನೆ, ಕಾರ್ಡಿಲ್ಲದೆ ನಾನೇ ಬಿಟ್ಟೆ ಎಂದು ಒಂದೇ ಉಸಿರಿಗೆ ಮರಾಠಿಯಲ್ಲಿ ಹೇಳಿದೆ. ಅವನು ಬೈಯುವುದಕ್ಕೂ ನಿಲ್ಲಲಿಲ್ಲ, ಇಬ್ಬರನ್ನೂ ಒಳಗೆ ಓಡಿಸಿದ. ಕಾಶಪ್ಪನನ್ನು ಹೊತ್ತು ತಂದಾಗ ಬಾಯಲ್ಲಿ ನೊರೆ ಇತ್ತು, ಉಸಿರೂ ಇತ್ತು.

ನನ್ನನ್ನು ಅಂದೇ ಕೆಲಸದಿಂದ ತೆಗೆದರು. ಮೂರನೆಯ ದಿನ ಆಸ್ಪತ್ರೆಗೆ ಹೋದೆ. ಜೀವಕ್ಕೆ ಅಪಾಯವಿಲ್ಲ, ಆದರೆ ಇನ್ನು ಭಾರ ಎತ್ತುವ ಕೆಲಸ ಆಗದು ಎಂದರು ಡಾಕ್ಟರ್. ಐದು ನಿಮಿಷ ಮೊದಲು ಹೊರಗೆ ತಂದಿದ್ದರೆ ಶ್ವಾಸಕೋಶ ಇಷ್ಟು ಸುಡುತ್ತಿರಲಿಲ್ಲವಂತೆ. ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದು ಆರು ನಿಮಿಷ.

ಹೊರಗೆ ಅವನ ಹೆಂಡತಿ ತಿಪ್ಪವ್ವ ನನ್ನ ಕಾಲು ಹಿಡಿದಳು.

“ನೌಕರಿ ಹೋದ್ರೂ ಚಿಂತಿಲ್ಲಂತ ಹೇಳಿ ಉಳಿಸಿದ್ರಂತಲ್ರಿ ಯಪ್ಪಾ. ನೀವ ನಮ್ಮ ಪಾಲಿನ ದೇವರು.”

“ಏಳವ್ವ,” ಎಂದೆ. ಆ ಆರು ನಿಮಿಷದ ಮಾತು ಹೇಳಿಬಿಡಬೇಕೆಂದುಕೊಂಡೆ. ಅವಳು ಕಣ್ಣೊರೆಸಿಕೊಂಡು ಬುತ್ತಿ ಬಿಚ್ಚಿ, ರೊಟ್ಟಿ ಮುರಿದು ನನ್ನ ಕೈಗಿಟ್ಟಳು. ನಾನು ತಿಂದೆ.