ಮೀನಿನ ತಲೆ ಯಾವ ಕಡೆಗೆ

"ತಿನ್ನೋಕೆ ಹಿಡಿದಿದೆಯಂತೆ! ಹಕ್ಕಿ ತಾನು ತಿನ್ನೋಕೆ ಮೀನು ಹಿಡಿದಿದೆಯಂತೆ! ಯಾವ ಬಾಯಲ್ಲಿ ಹೇಳಿದೆಯೋ ಇದನ್ನ?"

ಮೊನ್ನೆ ಕೈಗೆ ಸಿಕ್ಕ ಪತ್ರಿಕೆಯನ್ನು ಅಕ್ಕ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬಡಿದಳು. ಸೂಜಿಡಬ್ಬಿ ಎಗರಿ ಕೆಳಗೆ ಬಿತ್ತು. ಎರಡು ದಿನ ನುಂಗಿಕೊಂಡಿದ್ದ ಸಿಟ್ಟು ಅದು.

"ಮೆಲ್ಲಗೆ ಮಾತಾಡಕ್ಕ. ಬೆಳಬೆಳಗ್ಗೆ ಬೀದಿಗೆಲ್ಲ ಕೇಳಿಸಬೇಕಾ?" ತಮ್ಮ ಬಾಗಿಲು ಓರೆ ಮಾಡಿದ.

"ಕೇಳಲಿ ಬಿಡು. ಫೋಟೋ ತೆಗೆದವಳು ನಾನು, ಕೆಳಗೆ ಹೆಸರು ನಿನ್ನದು. ಅದು ಸಾಲದು ಅಂತ ಬುರುಡೆ ಬೇರೆ. ಮೀನಿನ ತಲೆ ಯಾವ ಕಡೆಗಿದೆ ನೋಡು, ಕಣ್ಣಿದ್ರೆ. ಕೊಕ್ಕಿನಿಂದ ಹೊರಗಡೆಗೆ! ತಾನು ತಿನ್ನೋದಾದ್ರೆ ತಲೆ ಗಂಟಲ ಕಡೆಗೆ ತಿರುಗಿಸ್ಕೊಳ್ಳುತ್ತೆ. ಇದು ಮರಿಗೆ ಕೊಡೋಕೆ ಹಿಡಿದಿರೋದು. ಒಂದೇ ಒಂದು ಬೆಳಗ್ಗೆ ಅಲ್ಲಿ ಕೂತಿದ್ರೆ ನಿನಗೂ ಗೊತ್ತಿರ್ತಿತ್ತು."

"ನನ್ನ ಸ್ಟುಡಿಯೋ ಹೆಸರಿದ್ರೆ ಮರ್ಯಾದೆ. ಟೈಲರಮ್ಮ ತೆಗೆದ ಫೋಟೋ ಅಂದ್ರೆ ಯಾರು ಹಾಕ್ತಾರಕ್ಕ?"

ಅಕ್ಕನ ಮೈ ಉರಿದುಹೋಯಿತು. ಆದರೆ ಹೊತ್ತು ಕಾಯುವುದಿಲ್ಲ. ಕ್ಯಾಮೆರಾ ಹೆಗಲಿಗೇರಿಸಿ ಹೋಗಿ ತಮ್ಮನ ಸ್ಕೂಟರಿನ ಹಿಂದೆ ಹತ್ತಿದಳು.

ಇಟ್ಟಿಗೆಗೆ ಮಣ್ಣು ತೆಗೆದು ಬಿಟ್ಟುಹೋದ ಹೊಂಡವೊಂದು ಊರಾಚೆ ಇತ್ತು. ಅದರ ಗೋಡೆಯಲ್ಲಿ ಮಿಂಚುಳ್ಳಿ ಜೋಡಿಯೊಂದು ಬಿಲ ಕೊರೆದಿತ್ತು. ಎದುರಿಗೆ ಮರೆಯಲ್ಲಿ ಕೂತು ಫೋಟೋ ತೆಗೆಯಲು ಅಕ್ಕ ಗುಡಾರ ಹೊಲಿದಿದ್ದಳು, ಹಳೆ ಪರದೆ, ಗೋಣಿ ಎಲ್ಲ ಸೇರಿಸಿ. ಮೊದಲ ಸಲ ಅದು ಗಾಳಿಗೆ ಪಟಪಟ ಬಡಿದು, ಮೂರು ದಿನ ಹಕ್ಕಿ ಹತ್ತಿರ ಸುಳಿಯಲಿಲ್ಲ. ಕೆಳಗಿನ ಅಂಚು ಮಡಚಿ ಹೊಲಿದು ಒಳಗೆ ಮರಳು ತುಂಬಿದಳು. ಜಿಪ್ಪಿನ ಸದ್ದಿಗೆ ಹಾರಿಹೋಯಿತು. ಜಿಪ್ಪು ಕಿತ್ತು ಲಾಡಿ ಹಾಕಿದಳು. ಲೆನ್ಸ್ ಹೊರಚಾಚಲು ತಮ್ಮನ ಹಳೇ ಪ್ಯಾಂಟಿನ ಒಂದು ಕಾಲು ಕತ್ತರಿಸಿ ಗುಡಾರಕ್ಕೆ ಹೊಲಿದು, ತುದಿಗೆ ಎಲಾಸ್ಟಿಕ್ ಕೊಟ್ಟಳು. ಕ್ಯಾಮೆರಾ ಕೂಡ ಅವನು ಮೂಲೆಗೆ ಹಾಕಿದ್ದೇ. ಸ್ಟುಡಿಯೋದ ಪರದೆಗಳನ್ನೆಲ್ಲ ಹೊಲಿದುಕೊಟ್ಟು ತನ್ನದು ಮಾಡಿಕೊಂಡಿದ್ದಳು. ಊರವರ ಅಳತೆಯನ್ನೆಲ್ಲ ತೆಗೆದವಳಿಗೆ ಒಂದು ಹಕ್ಕಿಯ ಅಳತೆ ಸಿಕ್ಕಲು ಹದಿನೈದು ದಿನ ಹಿಡಿಯಿತು.

ತಮ್ಮನ ಕೆಲಸ ಇಷ್ಟೇ: ಅಕ್ಕನ ಜೊತೆ ಒಳಹೋಗುವುದು, ಒಬ್ಬನೇ ಹೊರಬಂದು ಹೊರಟುಹೋಗುವುದು. ಮಿಂಚುಳ್ಳಿ ಕೊಂಬೆಯ ಮೇಲಿಂದ ಎಲ್ಲ ನೋಡುತ್ತದೆ, ಆದರೆ ಅದಕ್ಕೆ ಎಣಿಸಲು ಬರುವುದಿಲ್ಲ. ಒಬ್ಬರು ಹೋದರೆ ಎಲ್ಲರೂ ಹೋದಂತೆ. ಹತ್ತು ಗಂಟೆಗೆ ಕರೆದೊಯ್ಯಲು ಅವನು ಮತ್ತೆ ಬರುತ್ತಿದ್ದ.

ಇವತ್ತು ಒಳನುಗ್ಗಿದವನೇ ಸ್ಟೂಲಿನ ಮೇಲೆ ಕೂತ. ಬ್ಯಾಗಿನಿಂದ ತನ್ನ ದೊಡ್ಡ ಕ್ಯಾಮೆರಾ ತೆಗೆದ.

"ಇವತ್ತು ನೀನು ನಡಿ ಅಕ್ಕ. ಮರಿ ಹೊರಬರೋ ದಿನ ಅಂತ ನೀನೇ ಅಂದಿದ್ದು. ಪತ್ರಿಕೆಯವರು ಇನ್ನೊಂದು ಕೇಳಿದಾರೆ, ನಾನು ಒಪ್ಕೊಂಡಾಗಿದೆ."

"ನನ್ನ ಗುಡಾರದಲ್ಲಿ ಕೂತು ನನಗೇ ನಡಿ ಅಂತೀಯಾ?" ಅಕ್ಕ ಪಿಸುಗುಟ್ಟಿದಳು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟಳು. "ನಾನು ಕದಲಲ್ಲ."

"ನಾನೂ ಕದಲಲ್ಲ."

ಒಬ್ಬರ ಮೊಣಕಾಲು ಇನ್ನೊಬ್ಬರ ಬೆನ್ನಿಗೆ ಒತ್ತುತ್ತಿತ್ತು. ತಾಯಿಹಕ್ಕಿ ಮೀನು ಕಚ್ಚಿಕೊಂಡು ದೂರದ ಕೊಂಬೆಗೆ ಬಂದಿತು. ಒಳಹೋದವರು ಯಾರೂ ಹೊರಬಂದಿರಲಿಲ್ಲ. ಅದು ತಲೆ ಕುಣಿಸಿತು, ಕೂಗಿತು, ಹತ್ತಿರ ಬರಲಿಲ್ಲ. ಬಿಲದೊಳಗೆ ಮರಿಗಳು ಕಿರುಗುಟ್ಟುತ್ತಲೇ ಇದ್ದವು. ಅರ್ಧ ಗಂಟೆ ಕಳೆಯಿತು. ಕೊನೆಗೆ ಹಕ್ಕಿ ಮೀನನ್ನು ಕೊಕ್ಕಿನಲ್ಲೇ ತಿರುಗಿಸಿ, ತಲೆಯನ್ನು ಗಂಟಲ ಕಡೆಗೆ ಮಾಡಿಕೊಂಡು ನುಂಗಿಬಿಟ್ಟಿತು.

"ನೋಡ್ದೆಯಾ? ಮರಿ ಪಾಲಿಂದು ತಾನೇ ತಿಂತು. ನೀನು ಬರೆಸಿದ್ದು ಈಗ ನಿಜ ಆಯ್ತು, ಖುಷಿ ಪಡು."

ತಮ್ಮ ತುಟಿ ಕಚ್ಚಿದ. ಆದರೂ ಏಳಲಿಲ್ಲ.

"ಇನ್ನೊಂದು ಮಾತು ಕೇಳು," ಎಂದಳು ಅಕ್ಕ. "ನಿನ್ನೆಯೇ ಪತ್ರಿಕೆಗೆ ಬರೆದು ಹಾಕಿದೀನಿ. ಆ ಫೋಟೋಗೆ ಮುಂಚೆ, ಆಮೇಲೆ ತೆಗೆದಿದ್ದೆಲ್ಲ ಜೊತೆಗಿಟ್ಟು. ಬಿಲದ ಬಾಯಿಗೆ ಬಂದ ಮರಿಗೆ ಅದೇ ಮೀನು ಕೊಡ್ತಿರೋದೂ ಇದೆ."

ಅವನು ಕ್ಯಾಮೆರಾ ಕೆಳಗಿಳಿಸಿದ. "ಸ್ವಂತ ತಮ್ಮನ ಮಾನ ಹರಾಜು ಹಾಕಿ ನಿನಗೇನು ಸಿಗುತ್ತೆ?"

"ನನ್ನ ಹೆಸರು."

"ಅದನ್ನೇ ಕಟ್ಕೊಂಡು ಬದುಕು ಹಾಗಾದ್ರೆ. ಇನ್ನು ನಿನಗೆ ತಮ್ಮ ಇಲ್ಲ ಅಂದ್ಕೋ."

ಲಾಡಿ ಕಿತ್ತೆಳೆದು ಹೊರಬಿದ್ದ. ದಡದಡ ಹೆಜ್ಜೆ ಹಾಕುತ್ತ ಹೊಂಡದ ದಾರಿ ಹತ್ತಿದ. ನಡೆಯಲು ಕಲಿಯುವಾಗ ಅವಳ ಬೆರಳು ಹಿಡಿದಿದ್ದವನು. 'ಲೋ' ಎಂದಿದ್ದರೆ ಸಾಕಿತ್ತು, ತಿರುಗುತ್ತಿದ್ದನೋ ಏನೋ. ಅಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಹಕ್ಕಿಯ ತೆಳ್ಳಗಿನ ಕೂಗೊಂದು ಹತ್ತಿರದಲ್ಲೇ ಕೇಳಿತು. ತೆರೆದ ಬಾಯಿ ಮುಚ್ಚಿಕೊಂಡಳು. ಲಾಡಿ ಕಟ್ಟಿ, ಸ್ಟೂಲಿಗೇರಿ, ಪ್ಯಾಂಟಿನ ಕಾಲಿನೊಳಗೆ ಲೆನ್ಸ್ ತೂರಿಸಿದಳು.

ಹಕ್ಕಿಯ ಲೆಕ್ಕದಲ್ಲಿ ಗುಡಾರ ಖಾಲಿಯಾಗಿತ್ತು. ಅದು ಹೊಸ ಮೀನು ತಂದು ಬಿಲದೆದುರಿನ ಕಡ್ಡಿಯ ಮೇಲೆ ಕೂತಿತು. ಮೀನಿನ ತಲೆ ಹೊರಗಡೆಗಿತ್ತು. ಬಿಲದ ಬಾಯಲ್ಲಿ ಒಂದು ಮಂಕು ನೀಲಿ ತಲೆ ಕಾಣಿಸಿತು, ಅಳುಕಿ ಒಳಸರಿಯಿತು, ಮತ್ತೆ ಕಾಣಿಸಿತು, ಆಮೇಲೆ ಇದ್ದಕ್ಕಿದ್ದಂತೆ ಮರಿ ಗಾಳಿಗೆ ಧುಮುಕಿತು. ಅಕ್ಕ ಒತ್ತಿದ ಬೆರಳು ತೆಗೆಯಲಿಲ್ಲ.

ಐದು ಮರಿ ಹೊರಬಂದವು. ಐದೂ ಕ್ಯಾಮೆರಾಕ್ಕೆ ಸಿಕ್ಕವು.

ಹತ್ತು ಗಂಟೆಗೆ ಸ್ಕೂಟರ್ ಬರಲಿಲ್ಲ. ಹನ್ನೆರಡಕ್ಕೂ ಬರಲಿಲ್ಲ. ಅಕ್ಕ ಅಂಚಿನ ಮರಳು ಸುರಿದು, ಗುಡಾರ ಮಡಚಿ ತಲೆಯ ಮೇಲಿಟ್ಟುಕೊಂಡು ಮನೆವರೆಗೂ ನಡೆದಳು. ತಮ್ಮ ಮಾರನೆಯ ದಿನವೂ ಮನೆ ಕಡೆ ಬರಲಿಲ್ಲ, ಆಮೇಲೂ ಬರಲಿಲ್ಲ.